ಕಾರ್ಯಾಗಾರದ ನೆಲವೂ ಘರ್ಷಣವಿದ್ಯುತ್ತೂ

ಚಳಿಗಾಲದ ಒಣಹವೆಯಲ್ಲಿ ಉಣ್ಣೆಯ ಅಂಗಿಯನ್ನು ಕಳಚುವಾಗ ಚಟಪಟನೆ ಸದ್ದಾಗುವುದನ್ನೂ, ಬಾಚಣಿಗೆಯು ಕೂದಲನ್ನು ತನ್ನತ್ತ ಸೆಳೆಯುವುದನ್ನೂ ನಮ್ಮ ವಾಚಕರೆಲ್ಲರೂ ಬಲ್ಲರು. ಎರಡು ವಸ್ತುಗಳು ತಾಗಿ ಅಗಲಿದಾಗ ಹುಟ್ಟುವ ಈ ಘರ್ಷಣವಿದ್ಯುತ್ತು ಮನೆಯಲ್ಲಿ ಮಕ್ಕಳ ವಿನೋದಕ್ಕೆ ಸಾಧನವಾಗುವುದುಂಟು. ಎಲೆಕ್ಟ್ರಾನಿಕ್ ಯಂತ್ರಗಳ ಸೂಕ್ಷ್ಮಭಾಗಗಳನ್ನು ಜೋಡಿಸುವ ಕಾರ್ಖಾನೆಯಲ್ಲಾದರೋ ಅದು ಹಾನಿಯನ್ನೇ ತರುವುದು. ಅಂಥ ಸ್ಥಳದ ನೆಲವನ್ನು ಕೇವಲ ಅಂದಚೆಂದಗಳನ್ನು ನೋಡಿ ಆರಿಸುವುದು ಸಲ್ಲದು.

ಗಾಳಿಯು ತೀರ ಒಣಗಿದ್ದಾಗ ಜಮಖಾನದ ಮೇಲೆ ನಡೆದವನ ಮೈಯಲ್ಲಿ 35,000 ವೋಲ್ಟುಗಳವರೆಗೂ ವಿದ್ಯುತ್ತು ಶೇಖರವಾಗಬಹುದು. ತೇವ ಹೆಚ್ಚಾಗಿದ್ದರೆ ಅದು 1,500ರ ಸುಮಾರಿಗೆ ಇಳಿಯುವುದು. ಸುಮಾರು 3,000 ವೋಲ್ಟು ಮೀರಿದ ಹೊರತು ನಮಗೆ ಅದರ ಚುರುಕು ತಿಳಿಯದು. ಆದರೆ 100 ವೋಲ್ಟುಗಳಿಗೂ ಕಡಿಮೆಯಾದ ಪೆಟ್ಟಿಗೆ ಕೆಡುವ ಭಾಗಗಳು ಎಷ್ಟೋ ಇವೆ. ಆ ಗಾಯವು ಕೂಡಲೆ ಕಾಣಿಸದೆ, ಯಂತ್ರವು ಕೊಂಡವರ ಕೈ ಸೇರಿದ ಕೆಲವು ತಿಂಗಳ ಮೇಲೆ ಪ್ರಕಟವಾಗುವುದೂ ಉಂಟು. ಅದು ರೋಗಿಯ ಹೃದಯದ ಬಡಿತವನ್ನು ಕಾಯುವ ಯಂತ್ರವಾಗಿದ್ದರೆ ಗತಿಯೇನು?

ಈ ಚಿಂತೆಯು ಹೊಸದೇನಲ್ಲ. ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ಮೂರ್ಛೆಗಾಗಿ ಬಳಸುತ್ತಿದ್ದ ಈಥರ್, ಸೈಕ್ಲೋಪ್ರೊಪೇನುಗಳಿಗೆ ಒಂದು ಸಣ್ಣ ಕಿಡಿ ತಾಗಿದರೂ ಸ್ಫೋಟವಾಗಿ, ಮೇಜಿನ ಮೇಲಿದ್ದ ರೋಗಿಯೇ ಮಡಿದ ದುರಂತಗಳು ನಡೆದಿವೆ. ಆದುದರಿಂದ ಅಮೆರಿಕದ ಆಸ್ಪತ್ರೆಗಳಲ್ಲಿ ವಿದ್ಯುತ್ತನ್ನು ಹರಿಯಗೊಡುವ ನೆಲವನ್ನು ಹಾಕಿಸಿ, ಅದರ ರೋಧವು ಸರಾಸರಿ 25,000 ಓಂಗಳಿಗೆ ಕಡಿಮೆಯಾಗದೆ 10,00,000 ಓಂಗಳನ್ನು ಮೀರದೆ ಇರತಕ್ಕದ್ದೆಂದು ವಿಧಿಸಿದ್ದರು. ಮೇಲಿನ ಮಿತಿಯು ಮೈಯ ವಿದ್ಯುತ್ತು ನೆಲಕ್ಕಿಳಿದುಹೋಗಲೆಂದು. ಕೆಳಗಿನದು, ಕೆಟ್ಟ ತಂತಿಯನ್ನು ಮುಟ್ಟಿದವನಿಗೆ ನೆಲವೇ ಮೃತ್ಯುಮಾರ್ಗವಾಗದಿರಲೆಂದು. ಹೊತ್ತಿಕೊಳ್ಳದ ಹ್ಯಾಲೊಥೇನ್ ಎಂಬ ಔಷಧವು 1956ರಲ್ಲಿ ಬಳಕೆಗೆ ಬಂದ ಮೇಲೆ ಆ ನೆಲಗಳ ಅಗತ್ಯವು ಕ್ರಮೇಣ ತೀರಿತು. ಆದರೂ ಎರಡು ಮಿತಿಗಳನ್ನಿಟ್ಟ ಆ ವಿವೇಕವು ಕಾರ್ಖಾನೆಯವರಿಗೂ ಬೇಕಾದುದೇ.

ಎಲೆಕ್ಟ್ರಾನಿಕ್ ಕೆಲಸಕ್ಕಾಗಿ ಅಮೆರಿಕದಲ್ಲಿ ಏರ್ಪಡಿಸಿದ ಎಸ್ 20.20 ಎಂಬ ನಿಯಮದಂತೆ ನೆಲದ ರೋಧವು 100 ಕೋಟಿ ಓಂಗಳಿಗಿಂತ ಕಡಿಮೆಯಿರಬೇಕು. ಅಷ್ಟೇ ಸಾಲದು, ಮೈಯನ್ನು ನೆಲದ ಮೂಲಕವೇ ಭೂಮಿಗೆ ಜೋಡಿಸುವುದಾದರೆ, ಪಾದರಕ್ಷೆ ತೊಟ್ಟು ನಡೆಯುವವನ ಮೈಯಲ್ಲಿ 100 ವೋಲ್ಟಿಗಿಂತ ಹೆಚ್ಚು ಏರಕೂಡದು. ಮಾರುವವರು ಮೊದಲಿನ ಅಂಕೆಯನ್ನು ಮಾತ್ರ ತೋರಿಸಿದರೆ ಎರಡನೆಯದನ್ನು ನಾವೇ ಕೇಳಬೇಕು. ಸಾಮಾನ್ಯ ರಬ್ಬರ್ ಅಟ್ಟೆಯ ಜೋಡು ತೊಟ್ಟವನಿಗೆ ಎಷ್ಟು ಬೆಲೆಬಾಳುವ ನೆಲವಿದ್ದರೂ ಬಾವಿಯಲ್ಲಿ ನೀರಿದ್ದು ಹಗ್ಗವಿಲ್ಲದಂತೆಯೇ ಸರಿ. ತಕ್ಕ ಜೋಡಾಗಲಿ, ಹಿಮ್ಮಡಿಯ ಪಟ್ಟಿಯಾಗಲಿ ಎರಡು ಕಾಲಿಗೂ ಬೇಕು. ನಡೆಯುವಾಗ ಒಂದು ಕಾಲು ಮೇಲೇಳುವುದಷ್ಟೆ!

ಇನ್ನು ನೆಲದ ಬಗೆಗಳು. ಇಂಗಾಲ ಬೆರೆಸಿದ ವಿನೈಲ್ ಹಲಗೆಗಳಿಗೆ ಅಂಟೂ ವಿದ್ಯುತ್ತನ್ನು ಹರಿಸುವಂಥದಾಗಿದ್ದು, ಅಡಿಯ ತಾಮ್ರದ ಪಟ್ಟಿಯು ಭೂಮಿಗೆ ಸೇರಿರಬೇಕು. ಭಾರದ ಗಾಡಿಗಳು ಓಡಾಡುವೆಡೆ ಎಪಾಕ್ಸಿ ಲೇಪವು ಲೇಸು. ದಿನವೆಲ್ಲ ನಿಂತು ಕೆಲಸಮಾಡುವವರ ಕಾಲಿಗೆ ರಬ್ಬರೇ ಹಿತವೆಂದು ನನ್ನ ಮತ. ಯಾವುದನ್ನೇ ಕೊಳ್ಳಲಿ, ಗಾರೆಯ ತೇವವನ್ನು ಮೊದಲು ಅಳೆಯತಕ್ಕದ್ದು. ಇಲ್ಲವಾದರೆ ಅಂಟು ಬಿಟ್ಟು ಹಲಗೆಗಳು ಏಳುವವು.

ಪರೀಕ್ಷೆಯ ಕಾಲವೂ ಮುಖ್ಯ. ಬೆಂಗಳೂರಿನ ಶ್ರಾವಣದ ಮಳೆಯಲ್ಲಿ ಅಳೆದರೆ ಎಂಥ ನೆಲವೂ ಸಾಧುವಾಗಿ ತೋರೀತು. ಶಿವರಾತ್ರಿಯ ಒಣಗಾಳಿಯಲ್ಲಿ, ಕೆಲಸಗಾರನ ಜೋಡನ್ನೇ ತೊಡಿಸಿ ನಡೆಸಿ ನೋಡಬೇಕು. ಹೊಳೆಯುವ ನೆಲವನ್ನು ಕಂಡರೆ ನನಗಂತೂ ಸಂದೇಹವೇ. ಹೊಳಪಿಗೆಂದು ಬಳಿಯುವ ಸಾಧಾರಣ ಮೇಣವು ವಿದ್ಯುತ್ತಿನ ದಾರಿಯನ್ನೇ ಮುಚ್ಚಿಬಿಡುವುದು. ಆದಕಾರಣ ನೆಲ ಒರೆಸುವವರಿಗೆ ಯಾವ ಡಬ್ಬಿಯ ದ್ರಾವಣವನ್ನು ಬಳಸಬೇಕೆಂಬುದನ್ನು ಮೊದಲ ದಿನವೇ ತೋರಿಸಿಕೊಟ್ಟು, ಮೇಣದ ಡಬ್ಬಿಯನ್ನು ಆ ಕಟ್ಟಡದಿಂದಲೇ ಹೊರಗಿಡುವುದು ಒಳ್ಳೆಯದು.