ತೆಪ್ಪಕ್ಕೊಂದು ತೇಪೆ

ತೂತು ಹುಡುಕಲು ತೆಪ್ಪದ ಕೆಳಗೆ ನುಸುಳಬೇಕು. ದಡಕ್ಕೆಳೆದು ಬೋರಲು ಹಾಕಿದ ತೆಪ್ಪದೊಳಗೆ ಕತ್ತಲು. ಆ ಕತ್ತಲಲ್ಲಿ ಸೂಜಿಮೊನೆಯಷ್ಟು ಬಿಸಿಲು ಎಲ್ಲಿ ಇಣುಕುತ್ತದೋ ಅದೇ ನೀರು ನುಗ್ಗಿದ ದಾರಿ. ಅಲ್ಲಿಗೆ ಕಡ್ಡಿ ಚುಚ್ಚಿ ಹೊರಬಂದರೆ ಅರ್ಧ ಕೆಲಸ ಮುಗಿದಂತೆ.

ರಾಯಚೂರು ಜಿಲ್ಲೆಯ ಬಳಗಾನೂರು ಎರಡು ಹೊಳೆಗಳ ನಡುವಿನ ಸೀಮೆಯ ಊರು. ಬಡಗಲಿಗೆ ಲಿಂಗಸುಗೂರು ದಾಟಿದರೆ ಕೃಷ್ಣೆ, ತೆಂಕಲಿಗೆ ಸಿಂಧನೂರು ದಾಟಿದರೆ ತುಂಗಭದ್ರೆ. ಹಳೆಯ ಶಾಸನಗಳು ಈ ನಾಡನ್ನು ಎಡೆದೊರೆ ಎಂದು ಕರೆದದ್ದು ಅದಕ್ಕೇ. ನಾರಾಯಣಪುರ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ನಡುಗಡ್ಡೆಗಳವರು ಸಂತೆಗೂ ಆಸ್ಪತ್ರೆಗೂ ನೆಚ್ಚಿಕೊಂಡದ್ದು ತೆಪ್ಪವನ್ನೇ. ರಾಯಚೂರು ತಾಲ್ಲೂಕಿನ ಕುರುವಪುರಕ್ಕೆ ಯಾತ್ರಿಕರು ಹೊಳೆ ದಾಟಿದ್ದೂ ಇದರಲ್ಲೇ.

ಹರಿಗೋಲು ಎಂದರೂ ಇದೇ. ಬಿದಿರ ದಬ್ಬೆಗಳನ್ನು ದುಂಡಗೆ ಹೆಣೆದ ದೊಡ್ಡ ಬುಟ್ಟಿ, ಮೇಲೊಂದು ಹೊದಿಕೆ, ಅಷ್ಟೇ. ಹೆಣಿಗೆ ಮೇದಾರರ ವಿದ್ಯೆ, ಹುಟ್ಟು ಹಾಕುವುದು ಅಂಬಿಗರ ವಿದ್ಯೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದರ ಕೇತಯ್ಯನೂ ಅಂಬಿಗರ ಚೌಡಯ್ಯನೂ ಇದ್ದರು. ಆ ಎರಡು ಕಾಯಕ ಕೂಡಿದರೆ ಒಂದು ತೆಪ್ಪ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ತುಂಗಭದ್ರೆಯ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ಅಗಲ, ನೆಟ್ಟಗೆ ಸಾಗದೆ ಗಿರಗಿರ ತಿರುಗುವ ಚಾಳಿ, ಎಲ್ಲವೂ ಅವನ ಕಣ್ಣಿಗೆ ಬಿದ್ದಿದ್ದವು. ಚರ್ಮದ ಜಾಗಕ್ಕೆ ಈಗ ತಾಡಪತ್ರಿ, ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿವೆ. ತಿರುಗುವ ಚಾಳಿ ಹಾಗೇ ಉಳಿದಿದೆ.

ಸಣ್ಣ ಹಾಯಿದೋಣಿಗೆ ಆ ಕಾಟವಿಲ್ಲ. ಅದರ ನಡುವಿನ ಸೀಳಿನಿಂದ ನೀರಿಗಿಳಿಯುವ ಹಲಗೆಯೊಂದು, ಗಾಳಿಗೆ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಆದರೆ ಆಳವಿಲ್ಲದ ಕಡೆ ಬಂಡೆ ತಾಗಿ ಮೊದಲು ಅಂಚು ಮುರಿಯುವುದೂ ಅದೇ ಹಲಗೆಯದು. ತೆಪ್ಪಕ್ಕೆ ಹಲಗೆಯಿಲ್ಲ, ಹಿಂದುಮುಂದೂ ಇಲ್ಲ. ಹಲಗೆ ಮಾಡಬೇಕಾದ್ದನ್ನು ಹುಟ್ಟು ಹಿಡಿದ ಕೈಯೇ ಮಾಡಬೇಕು. ಚಪ್ಪಟೆ ತಳದಿಂದಾಗಿ ಮೊಣಕಾಲುದ್ದ ನೀರಲ್ಲೂ ತೇಲುತ್ತದೆ ನಿಜ, ಆದರೆ ಬಂಡೆಗೆ ಉಜ್ಜುವುದೂ ಆ ತಳವೇ.

ರಿಪೇರಿಯ ಮೊದಲ ಪಾಠ ಎರಡಕ್ಕೂ ಒಂದೇ: ಒಣಗಬೇಕು. ಹಾಯಿದೋಣಿಯ ಹಲಗೆಯಲ್ಲಿ ಪಸೆ ಉಳಿದರೆ ಎಪಾಕ್ಸಿ ಅಂಟು ಕಚ್ಚುವುದಿಲ್ಲ, ತೆಪ್ಪದ ಹೊದಿಕೆ ಹಸಿಯಾಗಿದ್ದರೆ ಡಾಂಬರು ಹಿಡಿಯುವುದಿಲ್ಲ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ತೂತಿನ ಸುತ್ತ ಕೆಸರನ್ನೂ ಸಡಿಲಾದ ಹಳೆ ಡಾಂಬರನ್ನೂ ಹೆರೆದು ತೆಗೆಯಬೇಕು. ಹರಕು ಉದ್ದವಿದ್ದರೆ ದಬ್ಬಣದಿಂದ ಹೊಲಿಗೆ. ಆಮೇಲೆ ಕಾಸಿದ ಡಾಂಬರು ಸವರಿ, ಚೀಲದ ತುಂಡು ಒತ್ತಿ, ಮೇಲೆ ಇನ್ನೊಂದು ಕೈ ಡಾಂಬರು. ತೇಪೆ ತೂತಿಗಿಂತ ನಾಲ್ಕು ಬೆರಳು ಅಗಲವಿರಲಿ, ಇಲ್ಲದಿದ್ದರೆ ಅಂಚು ಎದ್ದು ಮತ್ತೆ ನೀರು ಜಿನುಗುತ್ತದೆ. ಒಳಗಿನ ದಬ್ಬೆ ಮುರಿದಿದ್ದರೆ ಕಿತ್ತು ತೆಗೆಯುವುದು ಬೇಡ. ನೀರಲ್ಲಿ ನೆನೆಸಿ ಬಾಗುವಂತೆ ಮಾಡಿದ ಹೊಸ ದಬ್ಬೆಯನ್ನು ಹಳೆಯದರ ಮಗ್ಗುಲಿಗೇ ಹೆಣಿಗೆಯೊಳಗೆ ತೂರಿಸಿದರೆ ಸಾಕು.

ಆದರೆ ತೇಪೆ ತೂತಿಗೆ ಮದ್ದು, ಪ್ರವಾಹಕ್ಕಲ್ಲ. 2020ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ಕೃಷ್ಣೆಯಲ್ಲಿ ತೆಪ್ಪ ಮಗುಚಿ ಜೀವಗಳು ಹೋದವು. ತುಂಬಿದ ಹೊಳೆಗೆ ತೆಪ್ಪ ಇಳಿಸದಿರುವುದೂ ಈ ಕಸುಬಿನ ಅರಿವೇ. ಹಾಗಾಗಿ ಗಡ್ಡಿಯ ಜನ ಕೇಳುವುದು ಹೊಸ ತೆಪ್ಪವನ್ನಲ್ಲ, ಮುಳುಗದ ಸೇತುವೆಯನ್ನು.

ಅಲ್ಲಿಯವರೆಗೆ ಡಾಂಬರು ಕಾಯುತ್ತಲೇ ಇರಬೇಕು. ತೇಪೆ ಆರಿದ ಮೇಲೆ ತೆಪ್ಪವನ್ನು ಮಗುಚಿ ದಡದಂಚಿನ ನೀರಿಗೆ ತಳ್ಳಿ ನೋಡಬೇಕು. ಆಗ ಮೊದಲು ಹತ್ತಬೇಕಾದವನು ತೇಪೆ ಹಾಕಿದವನೇ.