ಹೊರ ಅಂಚಿನ ಮೇಲೆ

ಆಕ್ಸೆಲ್ ಜಿಗಿತಕ್ಕೆ ತುಸು ಮೊದಲು ಹುಡುಗನ ಎಡ ಬೂಟು ಹೊರಮಗ್ಗುಲಿಗೆ ವಾಲುತ್ತದೆ. ವಾಲುವುದು ಎಷ್ಟು ಕಡಿಮೆಯೆಂದರೆ ಮೊದಮೊದಲು ನನಗದು ಕಣ್ಣಿಗಿಂತ ಕಿವಿಗೇ ಗೊತ್ತಾಗುತ್ತಿತ್ತು. ನಾಲ್ಕು ಗಾಲಿಗಳೂ ನೆಲದ ಮೇಲೇ ಇರುತ್ತವೆ. ಭಾರ ಮಾತ್ರ ಹೊರಗಿನ ಎರಡರ ಮೇಲೆ ಕೂತು, ಸರ್ರೆನ್ನುತ್ತಿದ್ದ ಸದ್ದು ದಪ್ಪಗಾಗುತ್ತದೆ. ಮಂಡಿ ಮಡಚುತ್ತದೆ. ತೋಳುಗಳೆರಡೂ ಬೆನ್ನ ಹಿಂದಕ್ಕೆ ಸರಿಯುತ್ತವೆ. ಹಿಂದೆ ಉಳಿದಿದ್ದ ಬಲಗಾಲು ಸೊಂಟದ ಪಕ್ಕದಿಂದ ಬೀಸಿ ಬಂದು ಮುಂದಕ್ಕೆ, ಮೇಲಕ್ಕೆ ಏಳುತ್ತದೆ. ಆ ಬೀಸಿನ ತುದಿಯಲ್ಲಿ ಅವನು ನೆಲ ಬಿಟ್ಟಿರುತ್ತಾನೆ. ಆಮೇಲಿನದು ಎಲ್ಲರ ಕಣ್ಣಿಗೂ ಬೀಳುವಂಥದ್ದು, ಚಪ್ಪಾಳೆಯೂ ಅದಕ್ಕೇ. ನನಗೆ ಬೇಕಾದದ್ದು ಅದಕ್ಕೆ ಮೊದಲಿನ ವಾಲು.

ನವಿ ಮುಂಬಯಿಯ ಐರೋಲಿಯಲ್ಲಿ, ಸೆಕ್ಟರೊಂದರ ಉದ್ಯಾನದ ಮೂಲೆಯಲ್ಲಿರುವ ಸಿಮೆಂಟ್ ರಿಂಕ್ ಇದು. ಬೇಸಿಗೆಯ ಸಂಜೆ ಆರಾದರೂ ನೆಲ ಕಾದೇ ಇರುತ್ತದೆ. ಮಕ್ಕಳು ಸುತ್ತಿ ಸುತ್ತಿ ಸವೆಸಿದ ದಾರಿ ನುಣುಪಾಗಿ ಸೀಸದ ಬಣ್ಣಕ್ಕೆ ತಿರುಗಿದೆ. ನಡುವಿನ ಭಾಗ ಇನ್ನೂ ಒರಟು, ಬೂದಿಬಿಳುಪು. ಮೇಲೆ ಠಾಣೆ ಖಾಡಿಯ ಕಡೆಯಿಂದ ಬೆಳ್ಳಕ್ಕಿಗಳು ಸಾಲುಸಾಲಾಗಿ ಮರಳುತ್ತವೆ, ಅವುಗಳ ಹಿಂದೆ ನೀರುಕಾಗೆಗಳು. ದುರ್ಬೀನು ಕೊರಳಲ್ಲಿದ್ದರೂ ಆ ಹೊತ್ತಿಗೆ ನಾನು ಮೇಲೆ ನೋಡುವುದು ಕಡಿಮೆ. ಈ ಊರಿನಲ್ಲಿ ಮಂಜುಗಡ್ಡೆ ಎಂದರೆ ದಿವಾಳೆ ಕೋಳಿವಾಡದ ಮೀನಿನ ಪೆಟ್ಟಿಗೆಯೊಳಗಿನದು. ಹಾಗಾಗಿ ಇಲ್ಲಿನ ಮಕ್ಕಳ ಸ್ಕೇಟಿಂಗೆಲ್ಲ ಗಾಲಿಯ ಮೇಲೆ. ಜಿಗಿತಗಳ ಹೆಸರು ಮಾತ್ರ ಮಂಜಿನ ಮೇಲಿನವೇ: ಸಾಲ್ಕೊವ್, ಲೂಪ್, ಫ್ಲಿಪ್, ಲುಟ್ಜ್, ಆಕ್ಸೆಲ್. ಬೂಟು ಭಾರ, ನೆಲ ಗಟ್ಟಿ, ಬಿದ್ದರೆ ಜಾರಿ ಹೋಗುವ ಅನುಕೂಲವೂ ಇಲ್ಲ. ಮೊಣಕೈ ಬಿದ್ದಲ್ಲೇ ಚರ್ಮ ಬಿಡುತ್ತದೆ.

ತರಬೇತುದಾರರು ಹೆಚ್ಚು ಮಾತಿನವರಲ್ಲ. ಹುಡುಗ ಜಿಗಿಯಲು ತಯಾರಾದಾಗಲೆಲ್ಲ ಒಂದೇ ಕೂಗು: "ಖಾಂದಾ ಉಘಡೂ ನಕೋ!" ಹೆಗಲು ಬಿಚ್ಚಬೇಡ, ಅಷ್ಟೆ. ಅವರು ಕೂಗುವುದು ಜಿಗಿತ ಕೆಟ್ಟ ಮೇಲಲ್ಲ. ಕೆಡುವುದಕ್ಕೆ ಅರೆಕ್ಷಣ ಮೊದಲೇ ಅವರ ಬಾಯಿ ತೆರೆದಿರುತ್ತದೆ. ಅವರು ಎಲ್ಲಿ ನೋಡುತ್ತಾರೆ ಎಂಬುದನ್ನು ನೋಡುತ್ತಾ ಕೂತು ನಾನೂ ಹೆಗಲು ನೋಡುವುದನ್ನು ಕಲಿತೆ. ಎಡ ಹೆಗಲು ಅವಸರಪಟ್ಟು ಮುಂಚೆಯೇ ತಿರುಗಿದರೆ ಕಾಲಡಿಯ ಕಮಾನು ಮುರಿಯುತ್ತದೆ, ಬೂಟು ಒಳಕ್ಕೆ ಮಗುಚುತ್ತದೆ. ಅಲ್ಲಿಗೆ ಮುಗಿಯಿತು. ಗಾಳಿಯಲ್ಲಿ ಏನು ಮಾಡಿದರೂ ಅದು ನೆಲದ ಮೇಲೆ ಕಳೆದುಕೊಂಡದ್ದನ್ನು ತಂದುಕೊಡುವುದಿಲ್ಲ.

ಈ ಕಣ್ಣನ್ನು ಇಟ್ಟುಕೊಂಡು ನಾನು ಅಮೆರಿಕದ ಗಂಡಸರ ಫಿಗರ್ ಸ್ಕೇಟಿಂಗ್ ನೋಡತೊಡಗಿದ್ದು. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ, ವೇಗವನ್ನು ಕಾಲುಭಾಗಕ್ಕೆ ಇಳಿಸಿ, ಸದ್ದು ತೆಗೆದು. ಸಂಗೀತವಿಲ್ಲದಿದ್ದರೆ ಸ್ಕೇಟರ್ ಬರೀ ಪ್ರಾಣಿಯಾಗುತ್ತಾನೆ. ನೋಡಲು ಅದೇ ಹಿತ. ಇಲ್ಯಾ ಮಾಲಿನಿನ್ ಹುಟ್ಟಿದ್ದು 2004ರ ಡಿಸೆಂಬರಿನಲ್ಲಿ, ವರ್ಜೀನಿಯಾದಲ್ಲಿ. ಮೈಕಟ್ಟು ಸಣ್ಣ, ಕೂದಲು ಹೊಂಬಣ್ಣ, ಕಾಲುಗಳು ಉದ್ದ. ಆಕ್ಸೆಲ್‌ಗೆ ಅವನು ಹಿಮ್ಮುಖವಾಗಿ ಬರುತ್ತಾನೆ, ಎಡಗಾಲಿನ ಮೇಲೆ ಮುಮ್ಮುಖನಾಗುತ್ತಾನೆ. ಬ್ಲೇಡಿನ ದಪ್ಪ ನಾಲ್ಕು ಮಿಲಿಮೀಟರ್ ಆಸುಪಾಸು. ತಳದಲ್ಲಿ ಉದ್ದಕ್ಕೂ ಒಂದು ತೋಡು, ತೋಡಿನ ಎರಡು ಬದಿಗೆ ಎರಡು ಅಂಚು. ಅವನು ನಿಂತಿರುವುದು ಹೊರಗಿನ ಅಂಚಿನ ಮೇಲೆ. ಮಂಜಿನಲ್ಲಿ ಬಿಳಿಯ ಕಮಾನೊಂದು ಕೊರೆಯುತ್ತದೆ, ಪುಡಿ ಹಾರುತ್ತದೆ, ಬಲ ಮಂಡಿ ಎದೆಯೆತ್ತರಕ್ಕೆ ಏರುತ್ತದೆ. ಅಷ್ಟರವರೆಗೂ ಎಡ ಹೆಗಲು ಅಲುಗಿರುವುದಿಲ್ಲ. ಆಮೇಲೆ ತೋಳು ಎದೆಗೆ ಸೇರಿ, ಕಾಲಿಗೆ ಕಾಲು ಹೆಣೆದು, ಮುಕ್ಕಾಲು ಸೆಕೆಂಡೂ ಮೀರದ ಹೊತ್ತಿನಲ್ಲಿ ನಾಲ್ಕೂವರೆ ಸುತ್ತು. ಇಳಿಯುವುದು ಬಲಗಾಲಿನ ಹೊರ ಅಂಚಿಗೆ, ಹಿಮ್ಮುಖವಾಗಿ.

ಆ ಅರ್ಧ ಸುತ್ತೇ ಈ ಜಿಗಿತದ ಕಷ್ಟ. ಉಳಿದ ಐದು ಬಗೆಯ ಜಿಗಿತಗಳಲ್ಲೂ ಸ್ಕೇಟರ್ ಬೆನ್ನು ಹಾಕಿ ಏರುತ್ತಾನೆ, ಬೆನ್ನು ಹಾಕಿ ಇಳಿಯುತ್ತಾನೆ. ಆಕ್ಸೆಲ್ ಒಂದರಲ್ಲಿ ಮಾತ್ರ ಹೋಗಬೇಕಾದ ದಿಕ್ಕನ್ನೇ ನೋಡುತ್ತಾ ಹಾರಬೇಕು. ನಾರ್ವೆಯ ಆಕ್ಸೆಲ್ ಪಾಲ್ಸೆನ್ 1882ರಲ್ಲಿ ವಿಯೆನ್ನಾದಲ್ಲಿ ಅದನ್ನು ಒಂದೂವರೆ ಸುತ್ತಿಗೆ ಮಾಡಿದ. ಎರಡೂವರೆ ಆಗಲು 1948ರ ತನಕ ಕಾಯಬೇಕಾಯಿತು. ಸೇಂಟ್ ಮೊರಿಟ್ಜ್‌ನಲ್ಲಿ ಅದನ್ನು ಮಾಡಿದವನು ಅಮೆರಿಕದ ಡಿಕ್ ಬಟನ್, ಒಲಿಂಪಿಕ್ ಚಿನ್ನವೂ ಅವನಿಗೇ. ಮೂರೂವರೆಯನ್ನು 1978ರಲ್ಲಿ ಕೆನಡಾದ ವೆರ್ನ್ ಟೇಲರ್ ಮುಟ್ಟಿದ. ನಾಲ್ಕೂವರೆಗೆ ಜಪಾನಿನ ಯುಜುರು ಹನ್ಯೂ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪ್ರಯತ್ನಿಸಿ ಬಿದ್ದ. ಅದೇ ವರ್ಷ, 2022ರ ಸೆಪ್ಟೆಂಬರಿನಲ್ಲಿ, ಲೇಕ್ ಪ್ಲಾಸಿಡ್‌ನ ಸ್ಪರ್ಧೆಯಲ್ಲಿ ಹದಿನೇಳರ ಮಾಲಿನಿನ್ ಇಳಿದು ನಿಂತ. ಒಂದು ಸುತ್ತು ಕೂಡಲು ಅರವತ್ತಾರು ವರ್ಷ, ಮೂವತ್ತು ವರ್ಷ, ನಲವತ್ನಾಲ್ಕು ವರ್ಷ. ಹಕ್ಕಿಯ ಕೊಕ್ಕು ಬದಲಾಗಲು ಬೇಕಾದ ಕಾಲಕ್ಕೆ ಹೋಲಿಸಿದರೆ ಇದೇನೂ ಅಲ್ಲ, ಆದರೂ ಮನುಷ್ಯನ ಮೈಗೆ ಇದು ನಿಧಾನದ ಬೆಳವಣಿಗೆಯೇ.

2024ರಲ್ಲಿ ಮಾಂಟ್ರಿಯಲ್, 2025ರಲ್ಲಿ ಬಾಸ್ಟನ್: ಮಾಲಿನಿನ್‌ಗೆ ಎರಡು ವಿಶ್ವ ಪಟ್ಟಗಳು. 2025ರ ಡಿಸೆಂಬರಿನಲ್ಲಿ ನಗೋಯಾದ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲಿ ಏಳು ಜಿಗಿತದ ಅವಕಾಶ, ಏಳಕ್ಕೂ ನಾಲ್ಕು ಸುತ್ತಿನ ಜಿಗಿತ. ಫ್ರೀ ಸ್ಕೇಟ್‌ಗೆ 238.24 ಅಂಕ, ಹಿಂದೆ ಯಾರೂ ಪಡೆಯದಷ್ಟು. ಇನ್ನೆರಡು ತಿಂಗಳಿಗೆ ಮಿಲಾನ್ ಒಲಿಂಪಿಕ್ಸ್. ತಂಡಕ್ಕೆ ಚಿನ್ನ ಬಂತು, ಒಬ್ಬೊಬ್ಬರ ಸ್ಪರ್ಧೆಯ ಮೊದಲ ಸುತ್ತಿನಲ್ಲೂ ಅವನೇ ಮುಂದು. ಫೆಬ್ರವರಿ 13ರ ಫ್ರೀ ಸ್ಕೇಟ್‌ನಲ್ಲಿ ನಾಲ್ಕೂವರೆ ಸುತ್ತಾಗಬೇಕಿದ್ದ ಆಕ್ಸೆಲ್ ಗಾಳಿಯಲ್ಲೇ ಬಿಚ್ಚಿಕೊಂಡು ಒಂದೂವರೆಗೆ ಮುಗಿಯಿತು. ಲೆಕ್ಕದಲ್ಲಿ ಹೇಳುವುದಾದರೆ 12.50 ಮೂಲ ಅಂಕದ ಜಾಗದಲ್ಲಿ 1.10. ಮುಂದೆ ಎರಡು ಸಲ ಬಿದ್ದ. ಕೊನೆಗೆ ಎಂಟನೆಯ ಸ್ಥಾನ. ಚಿನ್ನ ಕಜಾಕಸ್ತಾನದ ಮಿಖಾಯಿಲ್ ಶೈದೊರೋವ್‌ಗೆ, ಬೆಳ್ಳಿ ಕಂಚು ಜಪಾನಿನ ಯುಮಾ ಕಗಿಯಾಮಾ, ಶುನ್ ಸಾತೊ ಅವರಿಗೆ.

ಒತ್ತಡ ಎಂದರು, ವಯಸ್ಸು ಎಂದರು. ಇರಬಹುದು. ನನ್ನ ಪಾಡಿಗೆ ನಾನು ನೋಡಿದ್ದು ಇಷ್ಟು: ಗಾಳಿಯಲ್ಲಿ ತೋಳು ಎದೆಯನ್ನು ಬಿಟ್ಟ ಗಳಿಗೆಗೆ ಆ ಮೈ ಬೇರೆಯೇ ಆಯಿತು. ಸುತ್ತುತ್ತಿದ್ದದ್ದು ನಿಧಾನವಾಯಿತು, ಕಾಲುಗಳ ಹೆಣಿಗೆ ಸಡಿಲಿತು. ಇಳಿದ ಮೇಲೆ ಮುಂದಿನ ಕಮಾನಿಗೆ ಹೋಗುವ ದಾರಿಯಲ್ಲಿ ಒಂದು ತಡವರಿಕೆ ಇತ್ತು. ಐರೋಲಿಯ ಹುಡುಗನಲ್ಲೂ ಅದನ್ನು ಕಂಡಿದ್ದೇನೆ. ಮೊದಲೆಲ್ಲ ಒಂದು ಜಿಗಿತ ಬಿಚ್ಚಿಕೊಂಡರೆ ಅವನ ಮುಂದಿನ ಎರಡು ಸುತ್ತು ಬರೀ ಓಟವಾಗುತ್ತಿದ್ದವು, ಅಂಚು ಸಿಗುತ್ತಿರಲಿಲ್ಲ.

ಹಕ್ಕಿಗಳಲ್ಲೂ ನಾನು ನೋಡುವುದು ಈ ನಡುವಿನ ದಾರಿಯನ್ನೇ. ಏಪ್ರಿಲಿನಲ್ಲಿ ಭರತ ಏರಿ ಖಾಡಿಯ ಕೆಸರು ಮುಳುಗಿದಾಗ ರಾಜಹಂಸಗಳು ನೆರೂಲಿನ ಟಿ.ಎಸ್. ಚಾಣಕ್ಯ ನೌಕಾ ತರಬೇತಿ ಸಂಸ್ಥೆಯ ಹಿಂದಿನ ತಗ್ಗುನೀರಿಗೆ ಬರುತ್ತವೆ. ಠಾಣೆ ಖಾಡಿ 2015ರಿಂದ ಅವುಗಳ ಅಭಯಾರಣ್ಯ, 2022ರಿಂದ ರಾಮ್ಸಾರ್ ಪಟ್ಟಿಯ ಜೌಗುತಾಣ. ಹೆಚ್ಚಿನವು ಕಿರು ರಾಜಹಂಸಗಳು. ನಾನು ಹುಡುಕುವುದು ಅವುಗಳ ನಡುವೆ ಎತ್ತರಕ್ಕೆ ನಿಂತ ದೊಡ್ಡ ಜಾತಿಯದನ್ನು. ಮೈ ಹಾಲುಬಿಳಿ, ಅದರಡಿಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ನಸುಗೆಂಪು. ಮಳೆಗೆ ಮೊದಲು ಊರು ಬಿಡುವ ಕಾಲ ಹತ್ತಿರವಾದಂತೆ ಅವುಗಳ ಕುಣಿತ ಸುರುವಾಗುತ್ತದೆ. ಹತ್ತಿಪ್ಪತ್ತು ಹಕ್ಕಿ ಮೈಗೆ ಮೈ ತಾಗುವಷ್ಟು ಒತ್ತಿಕೊಂಡು ಕೊರಳನ್ನು ನೆಟ್ಟಗೆ ನಿಲ್ಲಿಸುತ್ತವೆ. ತಲೆಗಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಚಟಕ್ಕನೆ. ಒಂದು ರೆಕ್ಕೆ ಬಿಚ್ಚುತ್ತದೆ: ಕುಂಕುಮದ ಕೆಂಪು, ಅದರ ಅಂಚಿಗೆ ಇದ್ದಿಲಿನ ಕಪ್ಪು. ಎರಡು ಎಣಿಸುವುದರೊಳಗೆ ಮುಚ್ಚಿರುತ್ತದೆ. ಪಕ್ಕದ್ದು ಕೊರಳನ್ನು ಹಿಂದಕ್ಕೆ ತಿರುಚಿ, ಒಂದೇ ರೆಕ್ಕೆ ಇಳಿಬಿಟ್ಟು, ಗರಿ ತೀಡಿಕೊಳ್ಳುವಂತೆ ನಟಿಸುತ್ತದೆ. ಮತ್ತೊಂದು ಮುಂದಕ್ಕೆ ಬಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಎತ್ತುತ್ತದೆ. ಇಷ್ಟರಲ್ಲಿ ಇಡೀ ಗುಂಪು ಸರಸರನೆ ಒಂದು ಕಡೆಗೆ ನಡೆದು, ಯಾರ ಅಪ್ಪಣೆಯೂ ಇಲ್ಲದೆ ಗಕ್ಕನೆ ತಿರುಗುತ್ತದೆ. ಗಂಡೂ ಕುಣಿಯುತ್ತದೆ, ಹೆಣ್ಣೂ ಕುಣಿಯುತ್ತದೆ.

ಬಹಳ ಹೊತ್ತು ನೋಡಿದರೆ ಹಕ್ಕಿಗಳಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಕೆಲವು ಒಂದೇ ಭಂಗಿಯನ್ನು ಮಾಡಿದ್ದೇ ಮಾಡುತ್ತವೆ, ಜೋರಾಗಿ, ಎತ್ತರಕ್ಕೆ. ಕೆಲವು ಒಂದರಿಂದ ಇನ್ನೊಂದಕ್ಕೆ ಸಂದಿಲ್ಲದಂತೆ ಜಾರುತ್ತವೆ. ಫ್ರಾನ್ಸಿನ ಕಮಾರ್ಗ್ ಜೌಗಿನಲ್ಲಿ ಕಾಲಿಗೆ ಉಂಗುರ ಹಾಕಿ ವಯಸ್ಸು ಗೊತ್ತಿರುವ ರಾಜಹಂಸಗಳನ್ನು ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕುಣಿತದ ವೈವಿಧ್ಯ ಸುಮಾರು ಇಪ್ಪತ್ತರ ವಯಸ್ಸಿನವರೆಗೆ ಏರುತ್ತಾ ಹೋಗಿ ಆಮೇಲೆ ಇಳಿಯುತ್ತದಂತೆ. ಹೆಚ್ಚು ಬಗೆಯ ಭಂಗಿಗಳನ್ನು ಹೆಚ್ಚು ಬಗೆಯಲ್ಲಿ ಜೋಡಿಸಬಲ್ಲ ಹಕ್ಕಿಗಳೇ ಆ ವರ್ಷ ಗೂಡು ಮಾಡುವ ಸಾಧ್ಯತೆ ಹೆಚ್ಚಂತೆ.

ಸ್ಕೇಟಿಂಗಿನ ತೀರ್ಪುಗಾರರು ಅಷ್ಟು ಉದಾರಿಗಳಲ್ಲ. ಅಲ್ಲಿ ಜಿಗಿತದ ತೂಕವೇ ಹೆಚ್ಚು. ಆದರೂ ಅಮೆರಿಕದ ಜೇಸನ್ ಬ್ರೌನ್ ಎಂಬವನೊಬ್ಬ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತಿನ ಒಂದು ಜಿಗಿತವೂ ಇಲ್ಲದೆ ಆರನೆಯವನಾದ. ಅವನನ್ನು ಕಾಲುವೇಗದಲ್ಲಿ ನೋಡಬೇಕಾಗಿಲ್ಲ; ಇದ್ದ ವೇಗದಲ್ಲೇ ಎಲ್ಲ ಕಾಣುತ್ತದೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಭಾರ ದಾಟುವಾಗ ಮಂಡಿ ಎಲ್ಲೂ ಗಡುಸಾಗುವುದಿಲ್ಲ, ಬೆರಳ ತುದಿಯವರೆಗೂ ಆ ಚಲನೆ ಹರಿದು ಬರುತ್ತದೆ. ಪದಕದ ಲೆಕ್ಕಕ್ಕೆ ಸಾಲದು, ನಿಜ. ನೋಡುವವನಿಗೆ ಸಾಲದೆಂದು ಹೇಳಲಾರೆ.

ಮಿಲಾನಿಗೆ ಹೋದ ಅಮೆರಿಕದ ಮೂವರು ಗಂಡಸರು ಮಾಲಿನಿನ್, ಆಂಡ್ರ್ಯೂ ಟೋರ್ಗಶೆವ್, ಮ್ಯಾಕ್ಸಿಮ್ ನೌಮೊವ್. ಮೂವರೂ ವಲಸೆ ಬಂದ ಸ್ಕೇಟರ್ ದಂಪತಿಗಳ ಮಕ್ಕಳು. ಮಾಲಿನಿನ್‌ನ ತಾಯಿ ತಂದೆ ಉಜ್ಬೇಕಿಸ್ತಾನದ ಪರವಾಗಿ ಸ್ಪರ್ಧಿಸಿದವರು, ಟೋರ್ಗಶೆವ್‌ನವರು ಸೋವಿಯತ್ ಕಾಲದವರು, ನೌಮೊವ್‌ನವರು 1994ರಲ್ಲಿ ರಷ್ಯಾಕ್ಕೆ ಜೋಡಿ ವಿಭಾಗದ ವಿಶ್ವ ಪಟ್ಟ ತಂದವರು. ಈ ಕಲೆ ಪುಸ್ತಕದಿಂದ ಬರುವುದಲ್ಲ. ಮೈಯಿಂದ ಮೈಗೆ ದಾಟಬೇಕು, ದೊಡ್ಡವರು ಉಳಿದಿರಬೇಕು. 1961ರ ಫೆಬ್ರವರಿ 15ರಂದು ಬ್ರಸೆಲ್ಸ್ ಬಳಿ ವಿಮಾನ ಬಿದ್ದಾಗ ಅಮೆರಿಕದ 18 ಸ್ಕೇಟರ್‌ಗಳ ಜೊತೆ ಅವರ ತರಬೇತುದಾರರೂ ಹೋದರು. 1964ರಲ್ಲಿ ಹದಿನೈದು ತುಂಬಲು ಎರಡು ದಿನವಿದ್ದ ಸ್ಕಾಟ್ ಆಲೆನ್ ಕಂಚು ತಂದ. ಗಂಡಸರ ಚಿನ್ನ ಮರಳಿದ್ದು ಮಾತ್ರ 1984ರಲ್ಲಿ, ಸ್ಕಾಟ್ ಹ್ಯಾಮಿಲ್ಟನ್‌ನೊಂದಿಗೆ. ಖಾಲಿಯಾದ ಜಾಗಕ್ಕೆ ಯುರೋಪಿನಿಂದ ತರಬೇತುದಾರರು ಬಂದರು. ಇಟಲಿಯ ಕಾರ್ಲೊ ಫಾಸಿ ಅಂಥವರಲ್ಲೊಬ್ಬ. 2025ರ ಜನವರಿಯಲ್ಲಿ ವಾಷಿಂಗ್ಟನ್ ಬಳಿ ಮತ್ತೊಂದು ವಿಮಾನ ಬಿತ್ತು. ಅದರಲ್ಲಿ ನೌಮೊವ್‌ನ ತಾಯಿ ತಂದೆಯಿದ್ದರು, ಹದಿವಯಸ್ಸಿನ ಹಲವು ಸ್ಕೇಟರ್‌ಗಳಿದ್ದರು. ಮರಿಗಳೂ ದೊಡ್ಡವೂ ಒಟ್ಟಿಗೆ ಹೋದ ಹಕ್ಕಿ ವಸಾಹತಿನ ಪೆಟ್ಟು ಆ ವರ್ಷವೇ ಎಣಿಕೆಗೆ ಸಿಗುವುದಿಲ್ಲ. ಹತ್ತು ವರ್ಷ ಬೇಕು.

ಮಾಲಿನಿನ್‌ನನ್ನು ಬದಿಗಿಟ್ಟರೆ ಅಮೆರಿಕದ ಸಾಲು ಜಪಾನಿನದಕ್ಕಿಂತ ತೆಳ್ಳಗಿದೆ ಎಂದೇ ನನ್ನ ಎಣಿಕೆ. ಅವನೊಬ್ಬನ ಮಟ್ಟಿಗೆ ಹೇಳುವುದಾದರೆ, 2030ರಲ್ಲಿ ಫ್ರೆಂಚ್ ಆಲ್ಪ್ಸ್ ಒಲಿಂಪಿಕ್ಸ್ ಬರುವಾಗ ಅವನಿಗೆ ಇಪ್ಪತ್ತೈದು. ಹ್ಯಾಮಿಲ್ಟನ್ ಗೆದ್ದ ವಯಸ್ಸು ಅದೇ. 1988ರಲ್ಲಿ ಬ್ರಯಾನ್ ಬೊಯ್ಟಾನೊ, 2010ರಲ್ಲಿ ಇವಾನ್ ಲೈಸಾಚೆಕ್ ಇಪ್ಪತ್ನಾಲ್ಕಕ್ಕೆ ಗೆದ್ದರು, 2022ರಲ್ಲಿ ನೇಥನ್ ಚೆನ್ ಇಪ್ಪತ್ತೆರಡಕ್ಕೆ. ಇಪ್ಪತ್ತೈದರ ಮೈ ಏಳು ಸಲ ನಾಲ್ಕು ಸುತ್ತು ಸುತ್ತಲಿಕ್ಕಿಲ್ಲ. ಸುತ್ತಬೇಕಾಗಿಯೂ ಇಲ್ಲ. ಜಿಗಿತಗಳ ನಡುವಿನ ದಾರಿಯಲ್ಲಿ ಅವನು ಈಗ ಏನು ಬೆಳೆಸಿಕೊಳ್ಳುತ್ತಾನೆ ಎಂಬುದರ ಮೇಲೆ ಎಲ್ಲ ನಿಂತಿದೆ.

ರಿಂಕಿನ ಕಟ್ಟೆಯಲ್ಲಿ ನನ್ನ ಪಕ್ಕ ಕೂರುವ ಕುಂದಾಪುರದ ಹೆಂಗಸಿಗೆ ಈ ಯಾವುದೂ ಬೇಡ. ಮೊಮ್ಮಗನ ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಅವರು ಕೇಳುವುದು ಒಂದೇ. "ಅಣ್ಣ, ನಮ್ಮ ಮಾಣಿ ಮುಂದ್ ಬತ್ನಾ?"

ಗಾಲಿಯ ಮೇಲಿನ ಈ ಕಲೆಗೆ ಒಲಿಂಪಿಕ್ಸ್ ಇಲ್ಲ. ಏಷ್ಯನ್ ಗೇಮ್ಸ್‌ನಲ್ಲಿ 2010ರ ಗುವಾಂಗ್‌ಝೌನಲ್ಲಿ ಇತ್ತು. ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಅಲ್ಲಿ ಒಬ್ಬರೇ ಆಡಿ ಒಂದು, ಅವನಿ ಪಾಂಚಾಲ್ ಜೊತೆ ಒಂದು, ಎರಡು ಕಂಚು ತಂದರು. ಅದನ್ನು ಹೇಳಿದೆ. ಅವರು ತಲೆಯಾಡಿಸಿ, "ಅದಲ್ಲ ಅಣ್ಣ, ನೀವ್ ಕಂಡದ್ ಹೇಳಿ" ಎಂದರು.

ನಾನು ಕಂಡದ್ದು ಹೇಳಿದೆ. ಡಬಲ್ ಆಕ್ಸೆಲ್ ಇನ್ನೂ ಬಂದಿಲ್ಲ, ಎರಡೂಕಾಲಿಗೆ ಇಳಿದುಬಿಡುತ್ತಾನೆ. ಆದರೆ ಹೋದ ಮಳೆಗಾಲದಲ್ಲಿ ಓಟದ ವೇಗ ಹೆಚ್ಚಿದಾಗಲೆಲ್ಲ ಬಿಚ್ಚಿಕೊಳ್ಳುತ್ತಿದ್ದ ಎಡ ಹೆಗಲು ಈಗ ಬಲ ಮಂಡಿ ಏಳುವವರೆಗೂ ಕಾಯುತ್ತದೆ. ಬಿದ್ದ ಮೇಲೂ ಮುಂದಿನ ಸುತ್ತಿನಲ್ಲೇ ಹೊರ ಅಂಚು ಹಿಡಿಯುತ್ತಾನೆ, ಮೊದಲು ಎರಡು ಸುತ್ತು ಬೇಕಾಗುತ್ತಿತ್ತು. ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತಾ ರಿಂಕಿನ ಕಡೆ ನೋಡಿದರು, ಈ ಸಲ ಕಾಲಿನ ಕಡೆಗೆ.