ಮಾನಸ ಸರೋವರ, ರಾವಣಹ್ರದ ಮತ್ತು ಹಂಸಗಳ ನಡುಗಡ್ಡೆ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ವಿದ್ಯಾರ್ಥಿಗೆ ಜಲಾಶಯವೆಂದೊಡನೆ ಕಣ್ಣಿಗೆ ಕಟ್ಟುವುದು ಕೆರೆ. ಅದಕ್ಕೆ ಏರಿಯುಂಟು, ತೂಬುಂಟು, ಕೋಡಿಯುಂಟು. ಮಳೆ ಕೈಹಿಡಿದರೆ ನೀರು, ಕೈಬಿಟ್ಟರೆ ಬಿರುಕುಬಿಟ್ಟ ಮಣ್ಣು. ತುಮಕೂರಿನ ಅಮಾನಿಕೆರೆ, ಕುಣಿಗಲಿನ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಇವೆಲ್ಲವೂ ಹಿಂದಿನವರು ಹರಿವ ನೀರಿಗೆ ಅಡ್ಡಲಾಗಿ ಏರಿ ಹಾಕಿ ನಿಲ್ಲಿಸಿದ ಜಲರಾಶಿಗಳು. ಆದರೆ ಯಾರೂ ಏರಿ ಕಟ್ಟದೆ, ಮಳೆಯೊಂದನ್ನೇ ನೆಚ್ಚದೆ, ಪರ್ವತಶಿಖರಗಳ ಹಿಮ ಕರಗಿ ತುಂಬುವ ಸರಸ್ಸುಗಳೂ ಜಗತ್ತಿನಲ್ಲಿ ಉಂಟು. ಭಾರತೀಯರ ಭಾವನೆಯಲ್ಲಿ ಅವುಗಳಿಗೆಲ್ಲ ಅಗ್ರಗಣ್ಯವಾದುದು ಮಾನಸ ಸರೋವರ. ಅದರ ಪಕ್ಕದಲ್ಲಿಯೇ ಇರುವ ರಾವಣಹ್ರದವನ್ನೂ, ಆ ಹ್ರದದೊಳಗಿನ ಕಿರುದ್ವೀಪವನ್ನೂ ಬಲ್ಲವರು ವಿರಳ. ದೂರದ ಆ ನಡುಗಡ್ಡೆಗೂ ಕನ್ನಡನಾಡಿನ ಕೆರೆಗಳಿಗೂ ಒಂದು ಹಕ್ಕಿಯ ನಂಟುಂಟಾದ್ದರಿಂದ ಅದನ್ನು ಅರಿಯುವುದು ಉಚಿತ.

ಬ್ರಹ್ಮನ ಮನಸ್ಸಿನಿಂದ ಹುಟ್ಟಿದ್ದರಿಂದ ಇದು ‘ಮಾನಸ’ವೆಂದು ಪುರಾಣಗಳು ಹೇಳುತ್ತವೆ. ಈ ಸರೋವರವಿರುವುದು ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ, ಕೈಲಾಸ ಪರ್ವತದ ದಕ್ಷಿಣಕ್ಕೆ. ತುಮಕೂರಿನ ಸಮೀಪದ ದೇವರಾಯನದುರ್ಗದ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,200 ಮೀಟರು ಎತ್ತರವಿದೆ. ಮಾನಸ ಸರೋವರದ ನೀರಿನ ಮಟ್ಟವೇ ಸುಮಾರು 4,590 ಮೀಟರು. ಸರೋವರದ ಸುತ್ತಳತೆ ಸುಮಾರು 88 ಕಿಲೋಮೀಟರು. ಉತ್ತರಕ್ಕೆ 6,638 ಮೀಟರು ಎತ್ತರದ ಕೈಲಾಸ, ದಕ್ಷಿಣಕ್ಕೆ 7,694 ಮೀಟರು ಎತ್ತರದ ಗುರ್ಲಾ ಮಾಂಧಾತಾ, ನಡುವೆ ಈ ಎರಡು ಸರಸ್ಸುಗಳು: ಪೂರ್ವದಲ್ಲಿ ಮಾನಸ, ಪಶ್ಚಿಮದಲ್ಲಿ ರಾವಣಹ್ರದ. ಎರಡನೆಯದನ್ನು ರಾಕ್ಷಸತಾಲವೆಂದೂ ಕರೆಯುವರು. ರಾವಣನು ಶಿವನನ್ನು ಕುರಿತು ತಪಸ್ಸು ಮಾಡಿದ ಸ್ಥಳವೆಂಬುದು ಐತಿಹ್ಯ.

ಹಿಮವು ಸರಸ್ಸನ್ನು ತುಂಬುವ ಬಗೆಯನ್ನು ಇಲ್ಲಿ ತಿಳಿಯಬೇಕು. ಉನ್ನತ ಶಿಖರಗಳ ಮೇಲೆ ವರ್ಷವರ್ಷವೂ ಬೀಳುವ ಹಿಮ ಪೂರ್ಣವಾಗಿ ಕರಗದೆ ಪದರಪದರವಾಗಿ ಕೂಡುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಪದರಗಳು ಒತ್ತಿ ಗಟ್ಟಿಯಾದ ನೀರ್ಗಲ್ಲಾಗುತ್ತವೆ. ಆ ನೀರ್ಗಲ್ಲು ತನ್ನ ಭಾರದಿಂದಲೇ ಕಣಿವೆಯ ಇಳಿಜಾರಿನಲ್ಲಿ ಕಣ್ಣಿಗೆ ತೋರದಷ್ಟು ಮೆಲ್ಲಗೆ ಜಾರುತ್ತದೆ. ಇದೇ ಹಿಮನದಿ. ಬೇಸಗೆಯಲ್ಲಿ ಅದರ ತುದಿ ಕರಗಿ ತೊರೆಗಳಾಗಿ ಸರಸ್ಸಿಗೆ ಇಳಿಯುತ್ತದೆ. ಹೀಗೆ ಹಿಮನದಿಯೆಂಬುದು ಚಳಿಗಾಲದಲ್ಲಿ ಕೂಡಿಟ್ಟು ಬೇಸಗೆಯಲ್ಲಿ ಬಿಡುವ ಪ್ರಕೃತಿಯ ಕಣಜ. ತೂಬನ್ನು ಎತ್ತುವವನು ಸೂರ್ಯ.

ಎರಡು ಸರಸ್ಸುಗಳೂ ಒಂದೇ ಪರ್ವತದ ಮಡಿಲಿನವಾದರೂ ಒಂದರ ನೀರು ಸಿಹಿ, ಇನ್ನೊಂದರದು ಉಪ್ಪು. ಒಂದು ದೇವತೆಗಳದು, ಮತ್ತೊಂದು ರಾಕ್ಷಸರದು ಎಂಬ ಐತಿಹ್ಯಕ್ಕೆ ಈ ಭೇದವೂ ಇಂಬುಗೊಟ್ಟಿತು. ಇದರ ಭೌತಿಕ ಕಾರಣವು ಕೆರೆಯ ಕೋಡಿಯನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಮಾನಸದ ನೀರು ಹೆಚ್ಚಾದಾಗ ‘ಗಂಗಾ ಛೂ’ ಎಂಬ ಕಾಲುವೆಯ ಮೂಲಕ ರಾವಣಹ್ರದಕ್ಕೆ ಹರಿಯುತ್ತಿತ್ತು; ಆ ಹೊರಹರಿವು ನೀರಿನೊಡನೆ ಲವಣವನ್ನೂ ಕೊಂಡೊಯ್ಯುತ್ತಿತ್ತು. ರಾವಣಹ್ರದಕ್ಕಾದರೋ ಈಗ ಹಾಗೆ ಹೊರಹೋಗುವ ದಾರಿಯಿಲ್ಲ. ಬಂದ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ, ಅದು ತಂದ ಲವಣ ಉಳಿದ ನೀರಿನಲ್ಲಿಯೇ ಕೂಡಿಕೊಳ್ಳುತ್ತದೆ. ಕೊಡುವುದು ನಿಂತೊಡನೆ ಸಿಹಿ ಕೆಡುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಆದರೂ ಜೀವಿಗಳ ದೃಷ್ಟಿಯಿಂದ ರಾವಣಹ್ರದವು ಶೂನ್ಯವಲ್ಲ. ಅದರೊಳಗೆ ಲಾಚಾತೋ ಮತ್ತು ತೋಪ್‌ಸೆರ್ಮಾ ಎಂಬ ನಡುಗಡ್ಡೆಗಳಿವೆ. 1936-37ರಲ್ಲಿ ಮಾನಸದ ತೀರದ ಬೌದ್ಧವಿಹಾರದಲ್ಲಿ ವರ್ಷವಿಡೀ ನೆಲಸಿ ಆ ಪ್ರದೇಶವನ್ನು ಅಧ್ಯಯನಮಾಡಿದ ಆಂಧ್ರಮೂಲದ ಯತಿ ಸ್ವಾಮಿ ಪ್ರಣವಾನಂದರು, ಹೆಪ್ಪುಗಟ್ಟಿದ ಹ್ರದವನ್ನು ದಾಟಿ ಈ ದ್ವೀಪಗಳನ್ನು ಸಂದರ್ಶಿಸಿದರು. ಕಲ್ಲುಬಂಡೆಗಳ ಲಾಚಾತೋ ದ್ವೀಪದಲ್ಲಿ ಹಂಸಗಳು ಮೊಟ್ಟೆಯಿಡುವುದನ್ನೂ, ಹಿಮ ಕರಗುವ ಮುನ್ನ ಅಲ್ಲಿಗೆ ನಡೆದುಹೋಗಿ ಮೊಟ್ಟೆಗಳನ್ನು ಆಯ್ದು ತರುವ ರೂಢಿ ಸ್ಥಳೀಯರಲ್ಲಿದ್ದುದನ್ನೂ ಅವರು ಬರೆದಿಟ್ಟಿದ್ದಾರೆ. ಅವರ ‘ಕೈಲಾಸ-ಮಾನಸರೋವರ’ ಎಂಬ ಆಂಗ್ಲ ಗ್ರಂಥ 1949ರಲ್ಲಿ ಪ್ರಕಟವಾಯಿತು.

ಹಕ್ಕಿಯು ವಿಶಾಲವಾದ ತೀರವನ್ನು ಬಿಟ್ಟು ನಡುಗಡ್ಡೆಯನ್ನು ಹುಡುಕುವುದು ವ್ಯರ್ಥವಾಗಿ ಅಲ್ಲ. ನೆಲದ ಮೇಲೆ ಗೂಡುಮಾಡುವ ಹಕ್ಕಿಗೆ ನರಿ ತೋಳಗಳೇ ಮೃತ್ಯು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ಸೇತುವೆಯಾಗಿದ್ದು ಎಲ್ಲ ಪ್ರಾಣಿಗಳಿಗೂ ದಾರಿಗೊಡುತ್ತದೆ. ವಸಂತ ಮುಗಿಯುವ ಹೊತ್ತಿಗೆ ಆ ಸೇತುವೆ ಕರಗಿತೆಂದರೆ ಅದೇ ನೀರು ಕಂದಕವಾಗುತ್ತದೆ, ದ್ವೀಪ ಕೋಟೆಯಾಗುತ್ತದೆ.

ಈ ಹಂಸ ಯಾವುದು? ಸಂಸ್ಕೃತ ಕವಿಗಳ ಹಂಸ, ಹಳಗನ್ನಡ ಕವಿಗಳ ಅಂಚೆ, ಹಾಲನ್ನು ನೀರಿನಿಂದ ಬೇರ್ಪಡಿಸುವ ಕವಿಸಮಯದ ಪಕ್ಷಿಯಾಗಿ ಪ್ರಸಿದ್ಧ. ಮಳೆಗಾಲ ಬಂದೊಡನೆ ಹಂಸಗಳು ಮಾನಸಕ್ಕೆ ಮರಳುವುವೆಂಬುದೂ ಕವಿಸಮಯವೇ; ಕಾಳಿದಾಸನ ‘ಮೇಘದೂತ’ದಲ್ಲಿ ಅವು ಮೇಘಕ್ಕೆ ಕೈಲಾಸದವರೆಗೆ ಸಹಯಾತ್ರಿಗಳು. ಹಾಲು ನೀರಿನ ಮಾತು ಕಲ್ಪನೆಯಿರಬಹುದು, ಪ್ರಯಾಣದ ಮಾತು ಕಲ್ಪನೆಯಲ್ಲ. ಟಿಬೆಟ್ಟಿನ ಸರಸ್ಸುಗಳಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತು ಚಳಿಗಾಲವನ್ನು ಭಾರತದಲ್ಲಿ ಕಳೆದು, ಮಳೆಗೆ ಮೊದಲೇ, ಮಾರ್ಚಿ ಏಪ್ರಿಲ್‌ಗಳಲ್ಲಿ ಉತ್ತರಕ್ಕೆ ಮರಳುತ್ತದೆ. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು ಇದರ ಗುರುತು. ಹಿಮಾಲಯವನ್ನು ದಾಟುವಾಗ ಇದು 7,000 ಮೀಟರಿಗೂ ಮೇಲೆ ಹಾರಿರುವುದು ಉಪಗ್ರಹ ಯಂತ್ರಗಳ ನೆರವಿನಿಂದ ದೃಢಪಟ್ಟಿದೆ. ಪ್ರಾಣವಾಯು ವಿರಳವಾದ ಆ ಎತ್ತರದಲ್ಲಿ ಅದನ್ನು ಬೇಗ ಹಿಡಿದುಕೊಳ್ಳುವ ಶಕ್ತಿ ಇದರ ರಕ್ತಕ್ಕುಂಟು.

ಈ ಹಕ್ಕಿಗಳು ಕನ್ನಡನಾಡಿಗೂ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳ ಪ್ರಸಿದ್ಧ ಬೀಡು. ಕುಣಿಗಲಿನ ನೆರೆಯ ಮಾಗಡಿಯೊಡನೆ ಇದನ್ನು ಬೆರೆಸಬಾರದು. ಹಗಲು ಕೆರೆಯಲ್ಲಿ ತಂಗಿ, ಇರುಳು ಸುತ್ತಣ ಹೊಲಗಳಲ್ಲಿ ಮೇಯುವುದು ಅವುಗಳ ಕ್ರಮ. ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳೂ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಒಂದೇ ಹಕ್ಕಿಯ ಬಾಳು ಎರಡು ಜಲಾಶಯಗಳ ಮೇಲೆ ನಿಂತಿರುವುದು ಇದರಿಂದ ವಿದಿತವಾಗುತ್ತದೆ: ಮರಿಗೆ ಹಿಮದ ಸರಸ್ಸು, ಚಳಿಗಾಲಕ್ಕೆ ಮಳೆಯ ಕೆರೆ. ಎರಡರಲ್ಲಿ ಒಂದು ಕೆಟ್ಟರೂ ಹಕ್ಕಿ ಕೆಡುತ್ತದೆ.

ಮೇಲಿನ ಕಣಜವೂ ಅಕ್ಷಯವಲ್ಲ. 2006ರಲ್ಲಿ ವಿಜ್ಞಾನಿಗಳು ಗುರ್ಲಾ ಮಾಂಧಾತಾದ ಹಿಮನದಿಯನ್ನು ಕೊರೆದು ನೀರ್ಗಲ್ಲಿನ ಕಂಬಗಳನ್ನು ತೆಗೆದರು. 1950 ಮತ್ತು 1960ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳ ಧೂಳು ಲೋಕದ ಹಿಮನದಿಗಳಲ್ಲೆಲ್ಲ ಒಂದು ಗುರುತಿನ ಪದರವಾಗಿ ಉಳಿದಿರುವುದು ವಾಡಿಕೆ. ಇಲ್ಲಿ ಆ ಪದರವೇ ದೊರೆಯಲಿಲ್ಲ. ಅಂದರೆ ಆ ಕಾಲದಿಂದೀಚೆಗೆ ಬಿದ್ದ ಹಿಮ ನಿಲ್ಲಲಿಲ್ಲ. ಹಳೆಯದೂ ಮೇಲಿನಿಂದ ಕರಗತೊಡಗಿದೆ.

ಕೈಲಾಸ ಮಾನಸಗಳ ಯಾತ್ರೆ ಇಂದು ಅಸಾಧ್ಯವಲ್ಲ. ಭಾರತ ಸರಕಾರವು ಲಿಪುಲೇಖ್ ಮತ್ತು ನಾಥೂ ಲಾ ಕಣಿವೆಗಳ ಮೂಲಕ ನಡೆಸುವ ಯಾತ್ರೆ 2020ರಲ್ಲಿ ನಿಂತು 2025ರಲ್ಲಿ ಪುನಃ ಆರಂಭವಾಯಿತು. ಯಾತ್ರಿಕರು ಕೈಲಾಸಕ್ಕೆ ಸುಮಾರು 52 ಕಿಲೋಮೀಟರುಗಳ ಪ್ರದಕ್ಷಿಣೆ ಬರುತ್ತಾರೆ. ಮಾನಸಕ್ಕೆ ಕೈಮುಗಿದವರು ರಾವಣಹ್ರದದ ಕಡೆಗೂ ಒಮ್ಮೆ ಕಣ್ಣುಹಾಯಿಸುವುದು ಲೇಸು. ಉಪ್ಪುನೀರಿನ ನಡುವೆಯೂ ಒಂದು ಹಕ್ಕಿಯ ಸಂತತಿ ಕಾಪಾಡಲ್ಪಡುವುದು ಅಲ್ಲಿಯೇ.

ಯಾತ್ರೆಯ ಭಾಗ್ಯ ಎಲ್ಲರಿಗೂ ಒದಗದು. ಆದರೆ ಕೆರೆಯ ಏರಿಯ ಮೇಲೆ ನಿಲ್ಲುವ ಭಾಗ್ಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಉಂಟು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಜನ ತಮ್ಮ ಹುಣಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಗುಬ್ಬಿಯಾದರೋ ಹಕ್ಕಿಯ ಹೆಸರನ್ನೇ ಹೊತ್ತ ಊರು. ಇಂತಹ ಜಿಲ್ಲೆಯಲ್ಲಿ ಕೆರೆಗೆ ನೀರು ತರುವ ಹಳ್ಳಗಳು ಒತ್ತುವರಿಯಾಗಿ ಮುಚ್ಚಿಹೋಗುವುದು, ಅಂಗಳ ಹೂಳಿನಿಂದ ಮೇಲೇರುವುದು, ಊರಿನ ಕೊಳೆನೀರು ಕೆರೆಗೆ ಸೇರುವುದು ಶೋಭೆಯಲ್ಲ. ಹಿಮಾಲಯದ ನೀರ್ಗಲ್ಲನ್ನು ಉಳಿಸುವುದು ಒಂದು ಊರಿನ ಕೈಯಲ್ಲಿಲ್ಲ. ಊರ ಮುಂದಣ ಕೆರೆ ಊರಿನವರ ಕೈಯಲ್ಲಿಯೇ ಇದೆ. ಹಿಮಗಿರಿಯನ್ನು ದಾಟಿ ಬಂದ ಹಕ್ಕಿ ಕೇಳುವುದು ಇಷ್ಟೇ: ಇಳಿಯಲು ಒಂದಿಷ್ಟು ತಿಳಿನೀರು, ಮೇಯಲು ಒಂದಿಷ್ಟು ನೆಲ, ಬೆದರಿಸದ ಜನ. ಅಷ್ಟನ್ನು ಉಳಿಸಿಕೊಡುವುದು ವಿದ್ಯಾವಂತರಾಗಲಿರುವ ಮಕ್ಕಳ ಕರ್ತವ್ಯ.